ಆನ್‌ಲೈನ್ ಎಂಎಸ್‌ಎನ್: ಫೀಸು ಕಟ್ಟುವ ಮೊದಲು ಕೇಳಬೇಕಾದ್ದು

ಕರ್ನಾಟಕದ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿಂದ ಆನ್‌ಲೈನ್ ಎಂ.ಎಸ್ಸಿ ಹುಡುಕುತ್ತಿದ್ದರೆ ಆ ಹುಡುಕಾಟ ಇಲ್ಲಿಗೇ ನಿಲ್ಲಲಿ. ಯುಜಿಸಿಯ 2020ರ ನಿಯಮಾವಳಿ ನರ್ಸಿಂಗನ್ನು ದೂರಶಿಕ್ಷಣ, ಆನ್‌ಲೈನ್ ಎರಡರಿಂದಲೂ ಹೊರಗಿಟ್ಟಿದೆ. ಇಲ್ಲಿಯ ಎಂ.ಎಸ್ಸಿ ನರ್ಸಿಂಗ್ ಎರಡು ವರ್ಷದ ಪೂರ್ಣಾವಧಿ ಕೋರ್ಸು. ಬಿ.ಎಸ್ಸಿಯಲ್ಲಿ ಶೇ. 55 ಅಂಕ, ಮೇಲೆ ಒಂದು ವರ್ಷದ ಕೆಲಸದ ಅನುಭವ ಬೇಕು. ಅಡ್ಡದಾರಿ ಇಲ್ಲ.

ಆನ್‌ಲೈನ್ ಮಾಸ್ಟರ್ಸ್ ನಿಜವಾಗಿ ನಡೆಯುವುದು ಅಮೆರಿಕದಲ್ಲಿ, ಎಂಎಸ್‌ಎನ್ (ಮಾಸ್ಟರ್ ಆಫ್ ಸೈನ್ಸ್ ಇನ್ ನರ್ಸಿಂಗ್) ಎಂಬ ಹೆಸರಲ್ಲಿ. ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಬರೆದು ಅಲ್ಲಿ ಆರ್‌ಎನ್ (ನೋಂದಾಯಿತ ನರ್ಸ್) ಆಗಿ ಡ್ಯೂಟಿ ಮಾಡುತ್ತಿರುವವರಿಗೆ ಅದು ಹೊಂದುತ್ತದೆ. ಊರಲ್ಲಿ ಕೂತು ಸೇರಿ, ಆಮೇಲೆ ಅದರ ಮೇಲೆ ವೀಸಾ ತೆಗೆಯೋಣ ಎಂಬ ಲೆಕ್ಕ ಮಾತ್ರ ಬೇಡ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಸಿಗುವುದಿಲ್ಲ.

ಕಾಲೇಜಿಗಿಂತ ಮೊದಲು ಆರಿಸಬೇಕಾದ್ದು ಟ್ರ್ಯಾಕ್, ಅಂದರೆ ಯಾವ ವಿಭಾಗದಲ್ಲಿ ಓದುವುದು ಎಂಬುದು. ಎಜುಕೇಟರ್, ಲೀಡರ್‌ಶಿಪ್, ಇನ್‌ಫರ್ಮ್ಯಾಟಿಕ್ಸ್ ಒಂದು ಗುಂಪು. ರೋಗಿಗಳನ್ನು ತಾನೇ ಪರೀಕ್ಷಿಸಿ ಔಷಧಿ ಬರೆಯುವ ನರ್ಸ್ ಪ್ರಾಕ್ಟಿಷನರ್, ಅಂದರೆ ಎನ್‌ಪಿ, ಬೇರೆಯೇ ಲೋಕ. ಎನ್‌ಪಿಯೊಳಗೂ ಕವಲುಗಳಿವೆ: ಫ್ಯಾಮಿಲಿ, ಸೈಕಿಯಾಟ್ರಿಕ್, ವಯಸ್ಕರ ಅಕ್ಯೂಟ್ ಕೇರ್, ಮಕ್ಕಳದ್ದು, ನವಜಾತ ಶಿಶುಗಳದ್ದು. ಎಲ್ಲರೂ ಸೇರುತ್ತಾರೆಂದು ಫ್ಯಾಮಿಲಿ ಹಿಡಿಯುವ ಐಸಿಯು ನರ್ಸ್‌ಗಳು ಬಹಳ. ಆದರೆ ಆ ಸರ್ಟಿಫಿಕೇಟು ಕ್ಲಿನಿಕ್ಕಿನ ಪ್ರೈಮರಿ ಕೇರ್‌ಗೆ. ಐಸಿಯುನಲ್ಲೇ ಎನ್‌ಪಿ ಆಗಿ ಉಳಿಯಬೇಕೆಂದರೆ ಅಕ್ಯೂಟ್ ಕೇರ್ ಟ್ರ್ಯಾಕೇ ಬೇಕು. ತಪ್ಪಿದರೆ ಪೋಸ್ಟ್-ಮಾಸ್ಟರ್ಸ್ ಸರ್ಟಿಫಿಕೇಟಿಗೆ ಮತ್ತೆ ಫೀಸು, ಮತ್ತೆ ಕ್ಲಿನಿಕಲ್ ತರಬೇತಿ. ಅನಸ್ತೇಶಿಯಾ ಕನಸಿದ್ದವರಿಗೆ ಎಂಎಸ್‌ಎನ್ ದಾರಿಯೇ ಅಲ್ಲ: 2022ರಿಂದ ಹೊಸದಾಗಿ ಸೇರುವವರಿಗೆ ಡಾಕ್ಟರೇಟ್ ಕೋರ್ಸೇ ಗತಿ.

ಇನ್ನು ಮಾನ್ಯತೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ನರ್ಸಿಂಗ್ ಕೋರ್ಸಿಗೂ ಇದೆ ಎಂದಲ್ಲ. ನರ್ಸಿಂಗ್ ಕೋರ್ಸಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ, ಎಸಿಇಎನ್, ಎನ್‌ಎಲ್‌ಎನ್ ಸಿಎನ್‌ಇಎ, ಈ ಮೂರರಲ್ಲಿ ಒಂದು ಸಂಸ್ಥೆಯ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು ಇರಬೇಕು. ನೋಡಬೇಕಾದ್ದು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ, ಕಾಲೇಜಿನ ಜಾಹೀರಾತಿನಲ್ಲಲ್ಲ. ‘ಅರ್ಜಿ ಹಾಕಿದ್ದೇವೆ’ ಎಂದರೆ ಮಾನ್ಯತೆ ಇಲ್ಲ ಎಂದೇ ಅರ್ಥ.

ಕಾಲೇಜು ಒಂದು ರಾಜ್ಯದಲ್ಲಿ, ನೀವು ಇನ್ನೊಂದರಲ್ಲಿ ಇದ್ದರೆ ಮತ್ತೊಂದು ತೊಡಕು. ನಿಮ್ಮ ಆರ್‌ಎನ್ ಲೈಸೆನ್ಸ್ ಹಲವು ರಾಜ್ಯಗಳಲ್ಲಿ ನಡೆಯುವ ಕಾಂಪ್ಯಾಕ್ಟ್ ಲೈಸೆನ್ಸ್ ಆಗಿರಬಹುದು, ಎನ್‌ಪಿ ಲೈಸೆನ್ಸಿಗೆ ಆ ಸೌಲಭ್ಯ ಇಲ್ಲ, ರಾಜ್ಯಕ್ಕೊಂದು ತೆಗೆಯಬೇಕು. ಯಾವ ರಾಜ್ಯದ ಲೈಸೆನ್ಸಿಗೆ ತಮ್ಮ ಕೋರ್ಸು ಸಲ್ಲುತ್ತದೆ ಎಂಬ ಪಟ್ಟಿಯನ್ನು ಕಾಲೇಜುಗಳು ವೆಬ್‌ಸೈಟಿನಲ್ಲಿ ಹಾಕುತ್ತವೆ. ಅದರಲ್ಲಿ ನಿಮ್ಮ ರಾಜ್ಯವನ್ನು ಹುಡುಕಿ. ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯಕ್ಕೆ ವರ್ಗವಾಗುವ ಸಂಭವವಿದ್ದರೆ ಆ ರಾಜ್ಯವನ್ನೂ. ಕ್ಯಾಲಿಫೋರ್ನಿಯಾ ಆನ್‌ಲೈನ್ ಶಿಕ್ಷಣದ ಅಂತರರಾಜ್ಯ ಒಪ್ಪಂದದಲ್ಲಿ ಸೇರಿಲ್ಲ, ಹಾಗಾಗಿ ಅಲ್ಲಿರುವವರನ್ನು ಕೆಲವು ಕಾಲೇಜುಗಳು ಸೇರಿಸಿಕೊಳ್ಳುವುದೇ ಇಲ್ಲ.

ಹೆಚ್ಚಿನವರು ಎಡವುವುದು ಕ್ಲಿನಿಕಲ್‌ನಲ್ಲಿ. ಆನ್‌ಲೈನ್ ಆಗಿರುವುದು ಪಾಠ ಮಾತ್ರ. ಎನ್‌ಪಿ ಶಿಕ್ಷಣದ 2022ರ ರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 750 ಗಂಟೆ ನೇರವಾಗಿ ರೋಗಿಗಳನ್ನು ನೋಡಬೇಕು. ಸಿಮ್ಯುಲೇಶನ್ ಲೆಕ್ಕಕ್ಕಿಲ್ಲ, ನಿಮ್ಮ ಸಂಬಳದ ಡ್ಯೂಟಿಯೂ ಲೆಕ್ಕಕ್ಕಿಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆಯಂತೆ ಹೋದರೆ 47 ವಾರ. ಅದರ ಜೊತೆಗೆ ಹನ್ನೆರಡು ಗಂಟೆಯ ಮೂರು ಶಿಫ್ಟ್ ಮಾಡಿದರೆ ವಾರದ ಐದು ದಿನ ಮುಗಿದಂತೆ, ಓದು ಇನ್ನೂ ಬಾಕಿ.

ಈ ಗಂಟೆಗಳನ್ನು ಯಾರ ಕೈಕೆಳಗೆ ಮಾಡುತ್ತೀರಿ? ಪ್ರಿಸೆಪ್ಟರ್‌ನನ್ನು, ಅಂದರೆ ಜೊತೆಗಿದ್ದು ಕಲಿಸುವ ಅನುಭವಿಯನ್ನು, ಹುಡುಕಿಕೊಡುವ ಹೊಣೆ ಕಾಲೇಜಿನದೋ ನಿಮ್ಮದೋ, ಇದೊಂದೇ ಪ್ರಶ್ನೆ ಅರ್ಧ ಪಟ್ಟಿಯನ್ನು ಜಾಲಿಸಿಬಿಡುತ್ತದೆ. ‘ನಾವು ಸಹಾಯ ಮಾಡುತ್ತೇವೆ’ ಎಂಬುದು ಉತ್ತರವಲ್ಲ. ಕೆಲವೊಮ್ಮೆ ಆ ಸಹಾಯ ಕ್ಲಿನಿಕ್ಕುಗಳ ಒಂದು ಹಳೆಯ ಪಟ್ಟಿಯಷ್ಟೇ. ಹೀಗೆ ಕೇಳಿ: ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಪ್ರಿಸೆಪ್ಟರ್ ಸಿಗದಿದ್ದರೆ ಏನಾಗುತ್ತದೆ? ನಮ್ಮ ಊರಿನ ಸುತ್ತ ಎಷ್ಟು ಕ್ಲಿನಿಕ್ಕುಗಳ ಜೊತೆ ಈಗಾಗಲೇ ಒಪ್ಪಂದವಿದೆ? ಉತ್ತರ ಇಮೇಲಿನಲ್ಲೇ ಬರಲಿ. ಪ್ರಿಸೆಪ್ಟರ್ ಒಪ್ಪಿದರೂ ಅವರ ಆಸ್ಪತ್ರೆ ಮತ್ತು ಕಾಲೇಜಿನ ನಡುವಿನ ಕರಾರಿಗೆ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಹೊಣೆ ನಿಮ್ಮದಾದರೆ ಆರು ತಿಂಗಳು ಮೊದಲೇ ಹುಡುಕಲು ಶುರುಮಾಡಿ. ದುಡ್ಡು ತೆಗೆದುಕೊಂಡು ಪ್ರಿಸೆಪ್ಟರ್ ಹೊಂದಿಸುವ ಕಂಪನಿಗಳೂ ಇವೆ. ಅಗ್ಗವೆಂದು ಸೇರಿದ ಕೋರ್ಸು ದುಬಾರಿಯಾಗುವುದು ಹೀಗೇ. ಎಜುಕೇಟರ್, ಲೀಡರ್‌ಶಿಪ್ ಟ್ರ್ಯಾಕಿನವರಿಗೆ ಇಷ್ಟು ಕಷ್ಟವಿಲ್ಲ. ಅವರ ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ) ಗಂಟೆಗಳು ಕಡಿಮೆ.

ವಿಷಯಪಟ್ಟಿಯಲ್ಲಿ ಅಡ್ವಾನ್ಸ್‌ಡ್ ಪ್ಯಾಥೊಫಿಸಿಯಾಲಜಿ, ಫಾರ್ಮಕಾಲಜಿ, ಹೆಲ್ತ್ ಅಸೆಸ್‌ಮೆಂಟ್ ಮೂರೂ ಪ್ರತ್ಯೇಕ ಪೇಪರುಗಳಾಗಿ ಇವೆಯೇ ನೋಡಿ. ಎನ್‌ಪಿ ಸರ್ಟಿಫಿಕೇಶನ್ನಿಗೆ ಅವು ಹಾಗೇ ಬೇಕು. ಹಿಂದಿನ ಮೂರು ವರ್ಷಗಳಲ್ಲಿ ಎನ್‌ಪಿ ಸರ್ಟಿಫಿಕೇಟು ಕೊಡುವ ಎಎನ್‌ಸಿಸಿ, ಎಎಎನ್‌ಪಿಸಿಬಿ ಸಂಸ್ಥೆಗಳ ಪರೀಕ್ಷೆಗಳಲ್ಲಿ ಮೊದಲ ಸಲಕ್ಕೇ ಪಾಸಾದವರು ಎಷ್ಟು ಎಂದೂ ಕೇಳಿ.

ನಮ್ಮ ಅಂಕಪಟ್ಟಿಗೆ ಒಂದು ಸುತ್ತು ಜಾಸ್ತಿ. ಹಲವು ಕಾಲೇಜುಗಳು 4ಕ್ಕೆ 3.0 ಜಿಪಿಎ (ಸರಾಸರಿ ಗ್ರೇಡು) ಕೇಳುತ್ತವೆ; ಶೇಕಡಾವನ್ನು ನೀವೇ ಭಾಗಿಸಿ ಹೆದರಬೇಡಿ, ಮೌಲ್ಯಮಾಪನ ಸಂಸ್ಥೆಗಳು ವಿಷಯವಾರು ಗ್ರೇಡಿಗೆ ಪರಿವರ್ತಿಸುತ್ತವೆ. ವಿಷಯವಾರು ವರದಿಯನ್ನೇ ಕೇಳಿ ಪಡೆಯಿರಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದೇ ನಿಧಾನ, ಊರಲ್ಲಿ ಓಡಾಡಲು ಒಬ್ಬರು ಇದ್ದರೆ ಒಳ್ಳೆಯದು.

ಫೀಸು ಹೋಲಿಸುವಾಗ ಕ್ರೆಡಿಟ್ಟಿನ ದರ ಬಿಟ್ಟು ಪೂರ್ತಿ ಮೊತ್ತ ಹಿಡಿಯಿರಿ: ಟೆಕ್ನಾಲಜಿ ಫೀಸು, ಕ್ಲಿನಿಕಲ್ ಫೀಸು, ಕ್ಯಾಂಪಸ್ಸಿಗೆ ಕರೆಸುವ ದಿನಗಳ ವಿಮಾನ, ಹೋಟೆಲು. ನೀವು ಕೆಲಸ ಮಾಡುವ ಆಸ್ಪತ್ರೆಯೇ ಕೋರ್ಸಿನ ಫೀಸು ಕೊಟ್ಟರೆ ಆ ಹಣಕ್ಕೆ ವರ್ಷಕ್ಕೆ 5,250 ಡಾಲರ್‌ವರೆಗೆ ನಿಮಗೆ ತೆರಿಗೆ ಇಲ್ಲ. ಆದರೆ ಓದು ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ದುಡಿಯಬೇಕು, ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸಬೇಕು ಎಂಬುದನ್ನು ಕರಾರಿನಲ್ಲಿ ಓದಿ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ, ಎಚ್-1ಬಿ, ಎಚ್-4 ವೀಸಾದವರಿಗೆ ಇಲ್ಲ.

ಕಡೆಯದಾಗಿ ರಜೆಯ ನಿಯಮ. ಬಾಣಂತನಕ್ಕೋ ಊರಲ್ಲಿ ತಂದೆತಾಯಿಗೆ ಹುಷಾರಿಲ್ಲದ್ದಕ್ಕೋ ಒಂದು ಸೆಮಿಸ್ಟರ್ ಬಿಟ್ಟರೆ ಮುಂದಿನದರಲ್ಲೇ ಸೇರಬಹುದೇ? ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪೇಪರು ತಪ್ಪಿದರೆ ಹೋಗುವುದು ಒಂದು ಸೆಮಿಸ್ಟರ್ ಅಲ್ಲ, ಇಡೀ ವರ್ಷ.