ಚಿತ್ರಕ್ಕಿಂತ ಮೊದಲು ಡಿಫ್ರಾಕ್ಷನ್

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹೊಸ ಸ್ಯಾಂಪಲ್ ಹಾಕಿದಾಗ ನಾನು ಚಿತ್ರ ತೆಗೆಯಲು ಅವಸರ ಮಾಡುವುದಿಲ್ಲ. ಮೊದಲು ಡಿಫ್ರಾಕ್ಷನ್ ಬಟನ್ ಒತ್ತುತ್ತೇನೆ, ಅಂದರೆ ಹರಳಿನ ಪರಮಾಣು ಪದರಗಳಿಂದ ಬಾಗಿದ ಎಲೆಕ್ಟ್ರಾನ್ ಕಿರಣಗಳು ಪರದೆಯ ಮೇಲೆ ಮೂಡಿಸುವ ವಿನ್ಯಾಸ ನೋಡುತ್ತೇನೆ. ಚಿತ್ರದಲ್ಲಿ ಕಾಣುವುದು ಕಣದ ಆಕಾರ. ಅದರೊಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ಹೇಳುವುದು ಡಿಫ್ರಾಕ್ಷನ್.

ಎಲೆಕ್ಟ್ರಾನ್ ಅಲೆಯ ಹಾಗೆಯೂ ನಡೆದುಕೊಳ್ಳುತ್ತದೆ. 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿನಲ್ಲಿ ಇದನ್ನು ತೋರಿಸಿದರು. ನಾನು ಬಳಸುವ 200 ಕಿಲೋವೋಲ್ಟ್‌ನಲ್ಲಿ ಆ ಅಲೆಯ ಉದ್ದ ಬರೀ 0.00251 ನ್ಯಾನೋಮೀಟರ್. ಪರಮಾಣು ಪದರಗಳ ನಡುವಿನ ಅಂತರ ಸುಮಾರು ಇದರ ನೂರು ಪಟ್ಟು. ಅದಕ್ಕೇ ಕಿರಣ ಒಂದು ಡಿಗ್ರಿಗಿಂತಲೂ ಕಡಿಮೆ ಬಾಗುತ್ತದೆ.

ಅಳತೆ ನಂಬಬೇಕಾದರೆ ಮೊದಲು ಚಿನ್ನದ ತೆಳುಪದರ ಬೇಕು. ಅದರಲ್ಲಿ ಸಣ್ಣ ಸಣ್ಣ ಹರಳುಗಳು ಎಲ್ಲಾ ದಿಕ್ಕಿಗೂ ತಿರುಗಿರುತ್ತವೆ, ಹಾಗಾಗಿ ಪರದೆಯ ಮೇಲೆ ಉಂಗುರಗಳು ಮೂಡುತ್ತವೆ. ಕ್ಯಾಮೆರಾ ಲೆಂಗ್ತ್, ಅಂದರೆ ಸ್ಯಾಂಪಲ್‌ನಿಂದ ಪರದೆಗೆ ಲೆಕ್ಕಕ್ಕೆ ಹಿಡಿಯುವ ದೂರ, ಒಂದು ಮೀಟರ್ ಇಟ್ಟರೆ ಮೊದಲ ಉಂಗುರದ ತ್ರಿಜ್ಯ ಸುಮಾರು 10.7 ಮಿಲಿಮೀಟರ್ ಬರಬೇಕು. ಆ ಉಂಗುರ ಮೂಡಿಸುವ ಚಿನ್ನದ ಪರಮಾಣು ಪದರಗಳ ಅಂತರ 0.2355 ನ್ಯಾನೋಮೀಟರ್ ಅಂತ ಗೊತ್ತಿರುವುದರಿಂದ ನಿಜವಾದ ಕ್ಯಾಮೆರಾ ಲೆಂಗ್ತ್ ಎಷ್ಟು ಅಂತ ಲೆಕ್ಕ ಹಾಕಬಹುದು. ಮೆಷಿನ್ ತೋರಿಸುವ ಸಂಖ್ಯೆಯನ್ನು ಸುಮ್ನೆ ನಂಬಬಾರದು. ಲೆನ್ಸ್ ಫೋಕಸ್ ಸ್ವಲ್ಪ ಬದಲಾದರೂ ನಿಜವಾದ ಲೆಂಗ್ತ್ ಬದಲಾಗುತ್ತದೆ.

ಗುರುತಿಲ್ಲದ ಸ್ಯಾಂಪಲ್‌ನಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಕೆಲಸ ಉಂಗುರಗಳ ಅನುಪಾತ ನೋಡುವುದು. ಎರಡನೆಯ ಉಂಗುರ ಮೊದಲನೆಯದರ 1.155 ಪಟ್ಟು, ಮೂರನೆಯದು 1.633 ಪಟ್ಟು, ನಾಲ್ಕನೆಯದು 1.915 ಪಟ್ಟು ಇದ್ದರೆ ಅದು ಚಿನ್ನ, ತಾಮ್ರದಂಥ ಮುಖಕೇಂದ್ರಿತ ಘನ ರಚನೆ (ಘನದ ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣು) ಅಂತ ಬಲವಾಗಿ ಹೇಳಬಹುದು. ಎರಡನೆಯದು 1.414, ಮೂರನೆಯದು 1.732 ಬಂದರೆ ಕಬ್ಬಿಣದಂಥ ಕಾಯಕೇಂದ್ರಿತ ರಚನೆಯ (ಮೂಲೆಗಳಲ್ಲೂ ಘನದ ನಟ್ಟನಡುವೆಯೂ ಪರಮಾಣು) ಕಡೆ ಯೋಚಿಸುತ್ತೇನೆ. ಈ ಅನುಪಾತಕ್ಕೆ ಕ್ಯಾಮೆರಾ ಲೆಂಗ್ತ್ ಬೇಕಾಗಿಯೇ ಇಲ್ಲ, ಎಷ್ಟು ಚೆಂದ ಅಲ್ವಾ?

ಒಂದೇ ಹರಳಾದರೆ ಉಂಗುರದ ಬದಲು ಸಾಲು ಸಾಲು ಚುಕ್ಕೆಗಳು. ಗಾಜಿನಂತೆ ಕ್ರಮವಿಲ್ಲದ ವಸ್ತುವಾದರೆ ಮಸುಕಾದ ಅಗಲ ಪ್ರಭಾವಲಯ. 1982ರಲ್ಲಿ ಡ್ಯಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಹತ್ತು ಮಡಿ ಸಮ್ಮಿತಿಯ (ಸುತ್ತಿನ ಹತ್ತನೇ ಒಂದು ಭಾಗ ತಿರುಗಿಸಿದರೂ ಹಾಗೇ ಕಾಣುವ) ಚುಕ್ಕೆಗಳನ್ನು ಕಂಡರು. ಹರಳುಗಳಲ್ಲಿ ಅಂಥ ಸಮ್ಮಿತಿ ಸಾಧ್ಯವಿಲ್ಲ ಅಂತಲೇ ಆಗ ಎಲ್ಲರೂ ಕಲಿತಿದ್ದರು. ಕ್ವಾಸಿಕ್ರಿಸ್ಟಲ್ ಅನ್ನುವ, ಕ್ರಮವಿದ್ದೂ ಒಂದೇ ವಿನ್ಯಾಸ ಮರುಕಳಿಸದ ಹೊಸ ಬಗೆ ಸಿಕ್ಕಿದ್ದು ಹಾಗೆ. 2011ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು.

ಆದರೆ ಕಂಡ ಚುಕ್ಕೆಯೆಲ್ಲಾ ರಚನೆಯ ಸಾಕ್ಷಿಯಲ್ಲ. ಎಲೆಕ್ಟ್ರಾನ್ ವಸ್ತುವಿನ ಜೊತೆ ತುಂಬಾ ಜೋರಾಗಿ ಬೆರೆಯುತ್ತದೆ. ಒಮ್ಮೆ ಬಾಗಿದ ಕಿರಣ ಅದೇ ಹರಳಿನೊಳಗೆ ಮತ್ತೊಮ್ಮೆ ಬಾಗಿ, ಇರಬಾರದ ಜಾಗದಲ್ಲಿ ಚುಕ್ಕೆ ಮೂಡಿಸುತ್ತದೆ. ಸಿಲಿಕಾನ್‌ನ '200' ಅನ್ನುವ ಚುಕ್ಕೆ (ಇದು ಎಣಿಕೆಯಲ್ಲ, ಒಂದು ಪದರಗುಂಪಿನ ಹೆಸರು) ಹೀಗೆ ಆಗಾಗ ಕಾಣುತ್ತದೆ. ಆಗ ಆ ಚುಕ್ಕೆಯನ್ನೂ ನಡುವಿನ ಚುಕ್ಕೆಯನ್ನೂ ಸೇರಿಸುವ ಸಾಲನ್ನೇ ಅಕ್ಷವಾಗಿಟ್ಟು ಸ್ಯಾಂಪಲ್ ನಿಧಾನವಾಗಿ ವಾಲಿಸುತ್ತಾ ಹೋಗುತ್ತೇನೆ. ಎರಡು ಸಲ ಬಾಗಿ ಬಂದ ಚುಕ್ಕೆಯಾದರೆ ಮಂಕಾಗುತ್ತಾ ಮಾಯವಾಗುತ್ತದೆ.