ಟ್ರೇಲರ್ ಬ್ರೇಕಿಗೆ ನಾನೇ ಮಾಡಿಕೊಂಡ ಕೈ ಕಂಟ್ರೋಲರ್

ಮನೆಯಲ್ಲಿ ಮಾಡಿದ ಡಬ್ಬಿ ನಂಬಿಕೊಂಡು ಲೋಡ್ ಎಳೀತೀಯಾ ಅಂತ ನಕ್ಕವರೇ ಈಗ ಸರ್ಕ್ಯೂಟ್ ಕೊಡು ಅಂತ ಹಿಂದೆ ಬಿದ್ದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎಲೆಕ್ಟ್ರಿಕ್ ಬ್ರೇಕಿನಲ್ಲಿ ಡ್ರಮ್ಮಿನೊಳಗಿನ ಮ್ಯಾಗ್ನೆಟ್ಟಿಗೆ ಕರೆಂಟ್ ಕೊಟ್ಟರೆ ಅದು ತಿರುಗುವ ಡ್ರಮ್ಮಿಗೆ ಅಂಟಿ, ಬ್ರೇಕ್ ಶೂಗಳನ್ನು ಒತ್ತುತ್ತದೆ. ಕೈಯಿಂದ ಲೆವರ್ ಎಳೆದಷ್ಟೂ ಹೆಚ್ಚು ಕರೆಂಟ್ ಬಿಡುವುದೇ ಈ ಡಬ್ಬಿಯ ಕೆಲಸ.

ನನ್ನದು ಎರಡು ಆಕ್ಸಲ್, ನಾಲ್ಕು ಮ್ಯಾಗ್ನೆಟ್. ಒಂದೊಂದು 3 ಆಂಪ್ ಅಂದರೂ ಒಟ್ಟು 12ರ ಆಸುಪಾಸು. ಮೊದಲು ಹಳೇ ದಾರಿಯನ್ನೇ ಹಿಡಿದೆ, ದಪ್ಪ ವೈರ್ ಸುತ್ತಿದ ರಿಯೋಸ್ಟಾಟ್, ಅಂದರೆ ಹೆಚ್ಚುಕಡಿಮೆ ಮಾಡಬಹುದಾದ ರೆಸಿಸ್ಟರ್. ಬ್ರೇಕೇನೋ ಹಿಡಿಯಿತು. ಆದರೆ ಅರ್ಧ ಕರೆಂಟಿನಲ್ಲಿ ಅದರೊಳಗೇ 36 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಡಬ್ಬಿ ಮುಟ್ಟೋಕೆ ಆಗುತ್ತಿರಲಿಲ್ಲ. ದುಡ್ಡೂ ಕಡಿಮೆಯೇನಲ್ಲ.

ಆಮೇಲೆ 555 ಟೈಮರ್ ಚಿಪ್ ಇಟ್ಟು ಪಿಡಬ್ಲ್ಯೂಎಂ ಮಾಡಿದೆ, ಅಂದರೆ ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ, ಆನ್ ಇರುವ ಸಮಯದಿಂದ ಹಿಡಿತ ಹೆಚ್ಚುಕಡಿಮೆ ಮಾಡುವುದು. ಮ್ಯಾಗ್ನೆಟ್ಟಿನ ಇನ್ನೊಂದು ವೈರ್ ಟ್ರೇಲರ್ ಚಾಸಿಗೇ ಅರ್ತ್ ಆಗಿರುತ್ತದೆ, ಹಾಗಾಗಿ ಪಾಸಿಟಿವ್ ಕಡೆಯೇ ಸ್ವಿಚ್ ಆಗಬೇಕು. ಅದಕ್ಕೆ ಹೊಂದುವ ಪಿ-ಚಾನಲ್ ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹಾಕಿದೆ, ಐಆರ್‌ಎಫ್4905. ಪೂರ್ತಿ ಆನ್ ಇದ್ದಾಗ 3 ವ್ಯಾಟ್ ಬಿಸಿ, ಅಂಗೈಯಗಲದ ಹೀಟ್‌ಸಿಂಕ್ ಧಾರಾಳ ಸಾಕು. ಸುಟ್ಟು ದುಡ್ಡು ತಿಂದಿದ್ದು ಡಯೋಡ್, ಫೆಟ್ ಆಫ್ ಆದಾಗ ಮ್ಯಾಗ್ನೆಟ್ಟಿನಲ್ಲಿ ಉಳಿದ ಕರೆಂಟಿಗೆ ಸುತ್ತಿ ಹೋಗೋಕೆ ದಾರಿ ಕೊಡುವುದು. ಎಲ್ಲರ ಡಬ್ಬಿಯಲ್ಲೂ ಬಿದ್ದಿರುವ 4007 ಹಾಕಿದರೆ ಅದು 1 ಆಂಪಿನದು, ಅರ್ಧ ಬ್ರೇಕಿನಲ್ಲಿ ಕೆಲವೇ ಸೆಕೆಂಡಿಗೆ ಸತ್ತಿತು, ಹೋಗುವಾಗ ಫೆಟ್ಟನ್ನೂ ಕರೆದುಕೊಂಡು ಹೋಯಿತು. 30 ಆಂಪ್ ಶಾಟ್ಕಿ ಡಯೋಡ್ ಹಾಕಿ, ಅದನ್ನೂ ಹೀಟ್‌ಸಿಂಕಿಗೆ ಬಿಗಿದ ಮೇಲೆ ಒಂದೂ ಸುಟ್ಟಿಲ್ಲ. ಫೆಟ್ಟನ್ನು ಆನ್-ಆಫ್ ಮಾಡುವ ಕಾಲು, ಅಂದರೆ ಗೇಟಿಗೆ, ವೋಲ್ಟೇಜ್ ಮಿತಿ ಮೀರದಂತೆ ತಡೆಯುವ 15 ವೋಲ್ಟ್ ಝೀನರ್ ಡಯೋಡ್ ಬೇಕೇ ಬೇಕು, ಗಾಡಿಯ ಲೈನಿನಲ್ಲಿ ಏನೇನು ಸ್ಪೈಕ್ ಬರುತ್ತದೋ ಹೇಳೋಕಾಗಲ್ಲ.

ಸೆಕೆಂಡಿಗೆ ಎಷ್ಟು ಸಲ ಆನ್-ಆಫ್ ಆಗಬೇಕು ಅನ್ನುವ ಫ್ರೀಕ್ವೆನ್ಸಿ ಜೊತೆ ಒಂದಷ್ಟು ಆಟ ಆಡಿದೆ, ಇದು ಸುಮ್ನೆ ಕುತೂಹಲಕ್ಕೆ. 30 ಹರ್ಟ್ಸ್‌ನಲ್ಲಿ ಇಡೀ ಟ್ರೇಲರ್ ಗಡಗಡ ಅಂತ ನಡುಗಿತು. 300ರ ಸುತ್ತ ಡ್ರಮ್ಮಿಗೆ ಕಿವಿಯಿಟ್ಟರೆ ಜೇನುಗೂಡಿನ ಹಾಗೆ ಸಣ್ಣಗೆ ಗುಂಯ್‌ಗುಡುತ್ತದೆ, ಹಿಡಿತ ನಯ. ಕೆಲವು ಸಾವಿರಕ್ಕೆ ಏರಿಸಿದರೆ ಶಬ್ದ ತೀರಾ ತೆಳುವಾಯಿತು, ಆದರೆ ನನ್ನ ಗೇಟ್ ಡ್ರೈವ್ ಅಷ್ಟು ಚುರುಕಿಲ್ಲ, ಫೆಟ್ ಬಿಸಿಯಾಗತೊಡಗಿತು. ವಾಪಸ್ 300ಕ್ಕೇ ಬಂದೆ.

ಇಷ್ಟಾದರೂ ಬ್ರೇಕ್ ಸಪ್ಪೆ. ಎಲ್ಲರೂ ಸರ್ಕ್ಯೂಟ್ ಕಡೆ ಬೆರಳು ತೋರಿಸಿದರು. ಲೆವರ್ ಪೂರ್ತಿ ಎಳೆದು ಮೀಟರ್ ಇಟ್ಟೆ. ಡಬ್ಬಿಯ ಹತ್ರ 12 ಚಿಲ್ಲರೆ, ಮ್ಯಾಗ್ನೆಟ್ಟಿನ ಎರಡು ವೈರುಗಳ ನಡುವೆ 9ರ ಹತ್ರ. ಅರ್ತ್ ಕರೆಂಟ್ ಗಾಡಿಗೂ ಟ್ರೇಲರಿಗೂ ಕೊಂಡಿಯಾದ ಹಿಚ್ ಬಾಲಿನ ತುಕ್ಕು, ಗ್ರೀಸು ದಾಟಿಕೊಂಡು ವಾಪಸ್ ಬರುತ್ತಿತ್ತು! ಹೋಗೋಕೂ ಬರೋಕೂ 4 ಸ್ಕ್ವೇರ್ ಎಂಎಂ ವೈರ್ ಬೇರೆಯಾಗಿ ಎಳೆದೆ. ಹನ್ನೊಂದೂವರೆ ಸಿಕ್ಕಿತು, ಬ್ರೇಕೇ ಬೇರೆ ಆಯಿತು. ದುಬಾರಿ ರೆಡಿಮೇಡ್ ಕಂಟ್ರೋಲರ್ ಹಾಕಿಕೊಂಡು ಸಪ್ಪೆ ಅಂತ ಬೈಯುವವರು ಮೊದಲು ಇದನ್ನು ನೋಡಲಿ.

ಲೆವರ್ ಮಾತ್ರ ಸ್ಪ್ರಿಂಗಿನದೇ ಇರಲಿ, ಕೈಬಿಟ್ಟರೆ ಸೊನ್ನೆಗೆ ಬರಬೇಕು. ಲೆವರಿನ ಪಾಟಿನ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್, ಪೊಟೆನ್ಶಿಯೋಮೀಟರ್) ನಡು ಕಾಲು ಕಿತ್ತರೂ ಬ್ರೇಕ್ ಪೂರ್ತಿ ಹಿಡಿದು ನಿಲ್ಲಬಾರದು, ಅದಕ್ಕೊಂದು ರೆಸಿಸ್ಟರ್ ಹಾಕಿ. ಲೆವರಿಗೊಂದು ಮೈಕ್ರೋಸ್ವಿಚ್, ರಿಲೇ ಸೇರಿಸಿದರೆ ಎಳೆದ ಕೂಡಲೇ ಬ್ರೇಕ್ ಲೈಟೂ ಉರಿಯುತ್ತದೆ. ಇಲ್ಲದಿದ್ದರೆ ಹಿಂದಿನವನಿಗೆ ಗೊತ್ತಾಗೋದು ಹೇಗೆ, ಅಲ್ವಾ? 20 ಪರ್ಸೆಂಟ್ ಡ್ಯೂಟಿಯ (ಕರೆಂಟ್ ಆನ್ ಇರುವ ಸಮಯದ ಪಾಲು) ಕೆಳಗೆ ನನ್ನ ಶೂ ಡ್ರಮ್ಮನ್ನು ಮುಟ್ಟುವುದೇ ಇಲ್ಲ. ಆದರೂ ನನ್ನ ಲೆವರಿನಲ್ಲಿ ಒಂದಿಂಚೂ ದಂಡ ಇಲ್ಲ. ಅದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ಖರ್ಚು ರೆಡಿಮೇಡಿನ ಮೂರನೇ ಒಂದು ಭಾಗ, ಸುಟ್ಟಿದ್ದೆಲ್ಲ ಸೇರಿಸಿದರೆ ಅರ್ಧ ಅಂತಿಟ್ಟುಕೊಳ್ಳಿ. ಸುಟ್ಟಿದ್ದು ಬಿಟ್ಟರೆ ಲೆವರಿಗೇ ಜಾಸ್ತಿ ಹೋಯಿತು. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಬರೀ ಲೆವರ್ ಎಳೆದು, ಚಕ್ರ ಲಾಕ್ ಆಗುವ ಸ್ವಲ್ಪ ಮೊದಲಿಗೆ ಸೆಟ್ ಮಾಡಿಟ್ಟಿದ್ದೇನೆ. ಟ್ರೇಲರ್ ಬಾಲ ಅಲ್ಲಾಡಿಸಿದಾಗ ಕಾಲು ಬ್ರೇಕ್ ಮುಟ್ಟದೆ ಇದನ್ನು ಮೆಲ್ಲಗೆ ಎಳೆದರೆ ಸೀದಾ ಸಾಲಿಗೆ ಬರುತ್ತದೆ.

ಬ್ರೇಕ್‌ಅವೇ ಸ್ವಿಚ್ಚು (ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವುದು), ಅದರ ಬ್ಯಾಟರಿ ಎರಡನ್ನೂ ನಾನು ಮುಟ್ಟಿಲ್ಲ. ಅದರ ಪಿನ್ ಎಳೆದು ಟೆಸ್ಟ್ ಮಾಡುವಾಗ ಗಾಡಿಗೂ ಟ್ರೇಲರಿಗೂ ನಡುವಿನ ಪ್ಲಗ್ ಕಳಚಿಟ್ಟಿರಿ. ಇಲ್ಲದಿದ್ದರೆ ಟ್ರೇಲರ್ ಬ್ಯಾಟರಿಯ ಕರೆಂಟ್ ಫೆಟ್ಟಿನೊಳಗೇ ಇರುವ ಬಾಡಿ ಡಯೋಡ್ ಹಾದು ಹಿಂದುಮುಂದಾಗಿ ಗಾಡಿಗೆ ನುಗ್ಗುತ್ತದೆ.