ಪಾಠದಿಂದಲೇ ಶುರುವಾಗಲಿ ಶಿಕ್ಷಕರ ಕಂಪ್ಯೂಟರ್ ತರಬೇತಿ

ನಮ್ಮ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ನಿನ್ನೆ ಮೊನ್ನೆಯಲ್ಲ. 1984ರಲ್ಲೇ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಯಂತ್ರಗಳು ದೇಶದ ಆಯ್ದ ಶಾಲೆಗಳನ್ನು ತಲುಪಿದ್ದವು. 2004ರ ಡಿಸೆಂಬರ್‌ನಲ್ಲಿ ‘ಐಸಿಟಿ ಅಟ್ ಸ್ಕೂಲ್ಸ್’ ಶುರುವಾಯಿತು. ಕರ್ನಾಟಕದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು, ಆಮೇಲೆ ತಂತ್ರಜ್ಞಾನದ ನೆರವಿನ ಕಲಿಕೆಗಾಗಿ ಟಾಲ್ಪ್ ಬಂತು. ಇಷ್ಟು ವರ್ಷ ಕಳೆದರೂ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗೆ ಬೀಗ, ಯಂತ್ರಕ್ಕೆ ಹೊದಿಕೆ. ಮೇಷ್ಟ್ರಿಗೆ ಆಸಕ್ತಿ ಇಲ್ಲ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಇದು ಸಿಪಿಯು, ಇದು ಮಾನಿಟರ್’ ಎಂದು ಶುರುವಾಗಿ ಸ್ಲೈಡ್ ಮಾಡುವುದರಲ್ಲಿ ಮುಗಿಯುವ ತರಬೇತಿಯಿಂದ ಹಿಂದಿರುಗಿದ ಶಿಕ್ಷಕಿಗೆ ಮರುದಿನ ಏಳನೇ ತರಗತಿಯ ಭಿನ್ನರಾಶಿ ಪಾಠಕ್ಕೆ ಅದರಿಂದ ಏನು ಉಪಯೋಗ? ಆಕೆ ಕೇಳುವುದು ಇಷ್ಟನ್ನೇ, ಅದಕ್ಕೆ ಉತ್ತರ ಕೊಡುವ ತರಬೇತಿ ಕಡಿಮೆ.

ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರಿಗೆ, ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿ, ಸಿಆರ್‌ಪಿಗಳಿಗೆ, ತಮ್ಮ ಶಾಲೆಯಲ್ಲೇ ನಾಲ್ಕು ಜನರಿಗೆ ಕಲಿಸಬೇಕೆಂದಿರುವ ಮುಖ್ಯ ಶಿಕ್ಷಕರಿಗೆ ನೆರವಾಗಲಿ ಎಂದು, ಇಂಥ ತರಬೇತಿಯನ್ನು ಹೇಗೆ ಕಟ್ಟಬಹುದು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಕೊಟ್ಟಿದ್ದೇನೆ.

1. ಮೊದಲು ಶಾಲೆ ನೋಡಿ, ಆಮೇಲೆ ವೇಳಾಪಟ್ಟಿ ಬರೆಯಿರಿ

ತರಬೇತಿಗೆ ಎರಡು ವಾರ ಮುಂಚೆ, ಬರಲಿರುವ ಪ್ರತಿ ಶಾಲೆಯಿಂದ ಒಂದು ಹಾಳೆ ಮಾಹಿತಿ ತರಿಸಿಕೊಳ್ಳಿ. ಎಷ್ಟು ಕಂಪ್ಯೂಟರ್ ಇವೆ ಎಂಬುದಕ್ಕಿಂತ ಎಷ್ಟು ನಡೆಯುತ್ತವೆ ಎಂಬುದು ಮುಖ್ಯ. ಅವುಗಳಲ್ಲಿರುವ ಕಾರ್ಯಾಚರಣಾ ವ್ಯವಸ್ಥೆ ಉಬುಂಟುವೋ ವಿಂಡೋಸೋ? ಯುಪಿಎಸ್ ಬ್ಯಾಟರಿ ಜೀವಂತವಾಗಿದೆಯೇ? ಕರೆಂಟ್ ಯಾವ ಹೊತ್ತಿನಲ್ಲಿ ಹೋಗುತ್ತದೆ? ಪ್ರೊಜೆಕ್ಟರ್ ಇಲ್ಲದಿದ್ದರೆ ಟಿವಿ ಇದೆಯೇ? ಇಂಟರ್‌ನೆಟ್ ಎಂದರೆ ಮೇಷ್ಟ್ರ ಸ್ವಂತ ಮೊಬೈಲಿನ ಡೇಟಾ ಮಾತ್ರವೇ? ಶಾಲೆಯಲ್ಲಿ ಉಬುಂಟು ಇದ್ದು ತರಬೇತಿ ವಿಂಡೋಸ್‌ನಲ್ಲಿ ನಡೆದರೆ, ಕಲಿತದ್ದರಲ್ಲಿ ಅರ್ಧ ದಾರಿಯಲ್ಲೇ ಉದುರಿಹೋಗುತ್ತದೆ.

ಅದೇ ಹಾಳೆಯ ಕೆಳಗೆ ಇನ್ನೊಂದು ಪ್ರಶ್ನೆ ಇರಲಿ: ‘ನಿಮ್ಮ ವಿಷಯದಲ್ಲಿ ಮಕ್ಕಳಿಗೆ ಎಷ್ಟು ಹೇಳಿದರೂ ತಲೆಗೆ ಹತ್ತದ ಒಂದು ಪಾಠ ಯಾವುದು?’ ಶಿಕ್ಷಕರು ಇದಕ್ಕೆ ಮನಸ್ಸಿಟ್ಟು ಉತ್ತರ ಬರೆಯುತ್ತಾರೆ. ಚಂದ್ರನ ಕಲೆಗಳು, ಋಣಸಂಖ್ಯೆಗಳ ಕಳೆಯುವಿಕೆ, ವಿದ್ಯುತ್ ಮಂಡಲ, ಅಕ್ಷಾಂಶ ರೇಖಾಂಶ ಎಂದು ಪಟ್ಟಿ ಬೆಳೆಯುತ್ತದೆ. ಈ ಪಟ್ಟಿಯೇ ನಿಮ್ಮ ತರಬೇತಿಯ ಪಠ್ಯಕ್ರಮ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಟಿಪ್ಯಾಕ್ ಚೌಕಟ್ಟಿನ ತಿರುಳೂ ಇದೇ. ವಿಷಯಜ್ಞಾನ, ಬೋಧನೆಯ ಜ್ಞಾನ, ತಂತ್ರಜ್ಞಾನದ ಅರಿವು ಈ ಮೂರನ್ನೂ ಬೇರೆ ಬೇರೆಯಾಗಿ ಕಲಿಸಿದರೆ ಸಾಲದು, ಮೂರೂ ಕೂಡುವ ಜಾಗದಲ್ಲಿ ಶಿಕ್ಷಕರ ನಿಜವಾದ ಕೌಶಲ ಇರುತ್ತದೆ.

2. ಇಬ್ಬರಿಗೊಂದು ಯಂತ್ರ

ಇಬ್ಬರಿಗಿಂತ ಹೆಚ್ಚು ಜನ ಒಂದು ಕಂಪ್ಯೂಟರ್ ಮುಂದೆ ಕೂತರೆ ಮೂರನೆಯವರು ಪ್ರೇಕ್ಷಕರಾಗುತ್ತಾರೆ. ಒಂದೇ ವಿಷಯದವರನ್ನು ಜೋಡಿ ಮಾಡಿ. ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ ಇರಲಿ: ಬೇರೆಯವರ ಮೌಸ್ ಮುಟ್ಟಬಾರದು. ‘ಕೊಡಿ ಸರ್, ನಾನು ಮಾಡ್ತೀನಿ’ ಎಂದು ಕೈಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ನಿವೃತ್ತಿಗೆ ಐದಾರು ವರ್ಷ ಇರುವವರ ವಿಷಯದಲ್ಲಂತೂ ತಾಳ್ಮೆ ಬೇಕೇ ಬೇಕು. ಡಬಲ್ ಕ್ಲಿಕ್‌ಗೆ ಬೆರಳು ಒಗ್ಗದಿದ್ದರೆ, ಒಮ್ಮೆ ಒತ್ತಿ ಎಂಟರ್ ಹೊಡೆದರೂ ಫೈಲ್ ತೆರೆಯುತ್ತದೆ ಎಂದು ಹೇಳಿಕೊಡಿ. ಮೂವತ್ತು ವರ್ಷ ಪಾಠ ಮಾಡಿದವರ ಅನುಭವ ಆ ಕೋಣೆಯ ದೊಡ್ಡ ಆಸ್ತಿ, ಅದಕ್ಕೆ ಎಲ್ಲರೆದುರು ಪೆಟ್ಟಾಗಬಾರದು.

3. ಮೊದಲ ದಿನ ಕನ್ನಡ ಟೈಪಿಂಗ್

ಇದನ್ನು ಮುಂದೂಡಬೇಡಿ. ಪ್ರಶ್ನೆಪತ್ರಿಕೆ, ಪಾಠಯೋಜನೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಎಲ್ಲವೂ ಕನ್ನಡದಲ್ಲೇ ಆಗಬೇಕು. ಮೊದಲ ದಿನವೇ ಸ್ವಂತ ಪ್ರಶ್ನೆಪತ್ರಿಕೆಯ ಒಂದು ಪುಟ ಮುದ್ರಿಸಿಕೊಂಡು ಹೋದವರು ಎರಡನೇ ದಿನ ಬೆಳಿಗ್ಗೆ ಬೇಗ ಬರುತ್ತಾರೆ.

ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ, ಅಂದರೆ ನುಡಿ ತಂತ್ರಾಂಶ ಬಳಸುವ ವಿನ್ಯಾಸ, ಕಲಿಯಲು ಸುಲಭ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ‘ಅಮ್ಮ’ ಬರೆಯಲು ಎ, ಎಂ, ಎಫ್, ಎಂ ಎಂದು ನಾಲ್ಕು ಕೀ ಸಾಕು. ಟ, ಡ ಅಕ್ಷರಗಳು ಕ್ರಮವಾಗಿ ಕ್ಯೂ ಮತ್ತು ಡಬ್ಲ್ಯೂ ಕೀಗಳಲ್ಲಿ ಕೂತಿವೆ, ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ. ಉಬುಂಟುವಿನಲ್ಲಿ ಭಾಷೆ ಬದಲಿಸುವ ಸಲಕರಣೆಯಾದ ಐಬಸ್ ಮೂಲಕ ‘ಕನ್ನಡ ಕೆಜಿಪಿ’ ಆರಿಸಿಕೊಂಡರೆ ಇದೇ ವಿನ್ಯಾಸ ಸಿಗುತ್ತದೆ. ಕೀಲಿಮಣೆಗೆ ಬೆರಳು ಹೊಂದಲು ಸಮಯ ಬೇಕೆನ್ನುವವರಿಗೆ ಮೊಬೈಲಿನ ಜಿಬೋರ್ಡ್ ಕೀಲಿಮಣೆಯಲ್ಲಿ ಮಾತಾಡಿ ಬರೆಸುವುದನ್ನು ತೋರಿಸಿ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡ್ ಬಗ್ಗೆ ಹತ್ತು ನಿಮಿಷ ಬಿಡಿಸಿ ಹೇಳಲೇಬೇಕು. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಪ್ರಶ್ನೆಪತ್ರಿಕೆ ಮೊಬೈಲಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದನ್ನು ಎಲ್ಲರೂ ನೋಡಿದ್ದಾರೆ, ಕಾರಣ ಗೊತ್ತಿರುವವರು ಕಡಿಮೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಆಕಾರ ಹೋಗಿ ಸಂಕೇತವಷ್ಟೇ ಉಳಿಯುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವುದರಿಂದ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಹಳೆಯ ಫೈಲುಗಳನ್ನು ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲೇ.

4. ಒಂದು ಪ್ರಮೇಯಕ್ಕೆ ಒಂದು ಮಧ್ಯಾಹ್ನ

ತಂತ್ರಾಂಶದ ಎಲ್ಲ ಮೆನುಗಳನ್ನೂ ತೋರಿಸುವ ಆಸೆ ಬಿಡಿ. ಒಂದೇ ಪಾಠ ಹಿಡಿದು ಕೊನೆಯವರೆಗೆ ಹೋಗಿ. ಗಣಿತದವರಿಗಾಗಿ ಒಂದು ಉದಾಹರಣೆ ನೋಡೋಣ: ‘ಅರ್ಧವೃತ್ತದಲ್ಲಿನ ಕೋನ ಲಂಬಕೋನ’. ಸಲಕರಣೆ ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶ. ಮಾರ್ಕುಸ್ ಹೋಹನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ್ದು. ತರಗತಿಗೆ ಉಚಿತ, ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ.

ಎ ಮತ್ತು ಬಿ ಬಿಂದುಗಳನ್ನು ಸೇರಿಸಿ ಒಂದು ರೇಖಾಖಂಡ ಎಳೆಯಿರಿ. ಅದರ ಮಧ್ಯಬಿಂದು ಗುರುತಿಸಿ, ಅದನ್ನೇ ಕೇಂದ್ರವಾಗಿಟ್ಟು ಎ ಮೂಲಕ ಹಾಯುವ ವೃತ್ತ ರಚಿಸಿ. ವೃತ್ತದ ಅಂಚಿನ ಮೇಲೆ ಸಿ ಎಂಬ ಬಿಂದು ಇಡಿ. ಎಸಿ, ಬಿಸಿ ಸೇರಿಸಿ. ಕೋನದ ಸಲಕರಣೆ ಆರಿಸಿ ಎ, ಸಿ, ಬಿ ಮೇಲೆ ಕ್ರಮವಾಗಿ ಒತ್ತಿ. ಕೆಲವರ ತೆರೆಯಲ್ಲಿ 90 ಡಿಗ್ರಿ ಬರುತ್ತದೆ, ಪಕ್ಕದವರ ತೆರೆಯಲ್ಲಿ 270 ಬರುತ್ತದೆ. ಕೋಣೆಯಲ್ಲಿ ಗಲಿಬಿಲಿ ಶುರುವಾಗುತ್ತದೆ. ಆಗಲಿ ಬಿಡಿ, ಉತ್ತರ ಹೇಳಲು ಅವಸರ ಮಾಡಬೇಡಿ. ಜಿಯೋಜಿಬ್ರಾ ಕೋನವನ್ನು ಅಳೆಯುವುದು ಅಪ್ರದಕ್ಷಿಣವಾಗಿ. ಬಿಂದುಗಳನ್ನು ಒತ್ತಿದ ಕ್ರಮ ತಿರುಗಿದರೆ ಅದು ಹೊರಗಿನ ಕೋನವನ್ನು ಅಳೆಯುತ್ತದೆ. ಸರಿಯಾಗಿ 90 ಬಂದವರೂ ಸಿ ಬಿಂದುವನ್ನು ವ್ಯಾಸದ ಆಚೆ ಬದಿಗೆ ಎಳೆದರೆ ಅಲ್ಲಿ 270 ಆಗುತ್ತದೆ. ಕೋನದ ಮೇಲೆ ಬಲ ಕ್ಲಿಕ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಕೋನವನ್ನು 0 ಮತ್ತು 180 ಡಿಗ್ರಿ ನಡುವೆ ಇರುವಂತೆ ಆರಿಸಿದರೆ ಮುಗಿಯಿತು. ಈ ತೊಡಕು ತರಬೇತಿಯಲ್ಲೇ ಎದುರಾಗಬೇಕು. ಐವತ್ತು ಮಕ್ಕಳ ಎದುರು ಮೊದಲ ಸಲ 270 ಕಂಡ ಶಿಕ್ಷಕರು ಮತ್ತೆ ಕಂಪ್ಯೂಟರ್ ತೆರೆಯಲು ಹಿಂಜರಿಯುತ್ತಾರೆ.

ಇನ್ನು ಬೋಧನೆ. ಬಿಂದುವನ್ನು ಎಳೆಯುವ ಮುನ್ನ ಮಕ್ಕಳನ್ನು ಕೇಳಬೇಕು: ‘ಸಿ ಬಿಂದು ಬಿ ಹತ್ತಿರ ಬಂದರೆ ಕೋನ ದೊಡ್ಡದಾಗುತ್ತದೋ ಚಿಕ್ಕದಾಗುತ್ತದೋ?’ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಒಬ್ಬ ವಿದ್ಯಾರ್ಥಿ ಬಂದು ಎಳೆಯಲಿ. ಕೋನ ಜಗ್ಗುವುದಿಲ್ಲ. ‘ಯಾಕೆ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂದ ಕೂಡಲೇ ಪ್ರೊಜೆಕ್ಟರ್ ಆಫ್ ಮಾಡಿ ಬೋರ್ಡಿಗೆ ಹೋಗಿ. ಕೇಂದ್ರದಿಂದ ಸಿಗೆ ತ್ರಿಜ್ಯ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜಗಳು. ಒಂದರ ಪಾದಕೋನಗಳು ಎರಡೂ x ಡಿಗ್ರಿ, ಇನ್ನೊಂದರವು ಎರಡೂ y ಡಿಗ್ರಿ. ದೊಡ್ಡ ತ್ರಿಭುಜದ ಕೋನಗಳ ಮೊತ್ತ 2x + 2y = 180, ಹಾಗಾಗಿ x + y = 90. ತೆರೆ ತೋರಿಸಿದ್ದು ಹಾಗಿದೆ ಎಂಬುದನ್ನು ಮಾತ್ರ, ಹಾಗೇಕೆ ಎಂಬುದನ್ನು ಸೀಮೆಸುಣ್ಣ ತೋರಿಸಿತು. ಯಾವಾಗ ಯಂತ್ರ, ಯಾವಾಗ ಬೋರ್ಡು ಎಂಬ ಈ ವಿವೇಚನೆ ಶಿಕ್ಷಕರಲ್ಲಿ ಮೂಡಿದರೆ ಆ ಮಧ್ಯಾಹ್ನ ಸಾರ್ಥಕ.

5. ಕೈಯಲ್ಲಿ ಮಾಡಬಹುದಾದ್ದನ್ನು ತೆರೆಯ ಮೇಲೆ ಮಾಡಬೇಡಿ

ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ, ಕಂಪ್ಯೂಟರ್ ತೆರೆಯ ಮೇಲೆ ಮಾಡುವ ಫೆಟ್ ಪ್ರಯೋಗಗಳು ವಿಜ್ಞಾನ ಶಿಕ್ಷಕರಿಗೆ ದೊಡ್ಡ ನಿಧಿ. ಫೈಲ್ ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಒಯ್ದರೆ ಇಂಟರ್‌ನೆಟ್ ಇಲ್ಲದ ಶಾಲೆಯ ಬ್ರೌಸರಿನಲ್ಲೂ ತೆರೆಯುತ್ತವೆ. ಆದರೆ ಬ್ಯಾಟರಿ, ತಂತಿ, ಬಲ್ಬು ಅಂಗಡಿಯಲ್ಲಿ ಸಿಗುವಾಗ ಮಂಡಲ ಜೋಡಿಸುವುದನ್ನು ತೆರೆಯಲ್ಲೇ ತೋರಿಸಿ ಮುಗಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಮೊದಲು ಮಕ್ಕಳ ಕೈಯಲ್ಲಿ ಬಲ್ಬು ಹೊತ್ತಲಿ. ತಂತಿಯೊಳಗಿನ ಎಲೆಕ್ಟ್ರಾನುಗಳ ಹರಿವು ಕಣ್ಣಿಗೆ ಕಾಣದು, ಅದಕ್ಕೆ ಫೆಟ್ ಬೇಕು. ಚಂದ್ರನ ಕಲೆಗಳನ್ನು ನೋಡಲು ತಿಂಗಳು ಕಾಯಬೇಕು, ಅದಕ್ಕೆ ಆಕಾಶವನ್ನು ತೆರೆಯ ಮೇಲೆ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶ ಬೇಕು. ನಿಮ್ಮ ಊರನ್ನೇ ಸ್ಥಳವಾಗಿ ಆರಿಸಿ, ಅಮಾವಾಸ್ಯೆಯಿಂದ ದಿನಗಳನ್ನು ಮುಂದೋಡಿಸಿ. ಮಕ್ಕಳು ಮನೆಯಲ್ಲಿ ಕ್ಯಾಲೆಂಡರ್ ತೆರೆದು ತಾಳೆ ನೋಡುತ್ತಾರೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಆರಂಭವಾದ, ಶಾಲಾ ಪಾಠಗಳ ಡಿಜಿಟಲ್ ವೇದಿಕೆಯಾದ ದೀಕ್ಷಾದ ವಿಡಿಯೊಗಳು ಸಿಗುತ್ತವೆ. ಮನೆಯ ವೈಫೈನಲ್ಲೇ ಇಳಿಸಿಟ್ಟುಕೊಳ್ಳಬಹುದು. ಪೂರ್ತಿ ವಿಡಿಯೊ ಹಾಕಿ ಹಿಂದೆ ಕೂರಬೇಡಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ತರಬೇತಿಯಲ್ಲೇ ಅಭ್ಯಾಸ ಮಾಡಿಸಿ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನೂ ಪರಿಚಯಿಸಿ, ಅಲ್ಲಿ ನಮ್ಮ ಶಿಕ್ಷಕರೇ ಸೇರಿ ಕಟ್ಟಿದ ಸಾಮಗ್ರಿ ಇದೆ.

ಎಐ ಬಗ್ಗೆ ಕೇಳಿದರೆ ಎರಡೇ ಮಾತು. ಪ್ರಶ್ನೆಗಳ ಕರಡು ಮಾಡಿಸಬಹುದು, ಪ್ರತಿ ಸಾಲನ್ನೂ ಪಠ್ಯಪುಸ್ತಕದ ಜೊತೆ ತಾಳೆ ನೋಡಬೇಕು. ಮಕ್ಕಳ ಹೆಸರು, ಫೋಟೊ, ಅಂಕಗಳನ್ನು ಅಲ್ಲಿ ಹಾಕಬಾರದು.

6. ಕರೆಂಟ್ ಹೋಗುವ ಅಭ್ಯಾಸ

ಕೊನೆಯ ದಿನ ಪ್ರತಿ ಜೋಡಿಯೂ ಹದಿನೈದು ನಿಮಿಷ ಪಾಠ ಮಾಡಲಿ, ಉಳಿದವರು ವಿದ್ಯಾರ್ಥಿಗಳಾಗಲಿ. ನಡುವೆ ಹೇಳದೆ ಪ್ರೊಜೆಕ್ಟರ್ ಆಫ್ ಮಾಡಿ. ಪಾಠ ನಿಲ್ಲದೆ ಮುಂದುವರಿಯಬೇಕು. ಅದಕ್ಕಾಗಿ ಪಾಠಯೋಜನೆಯ ಪಕ್ಕದಲ್ಲಿ ‘ಕರೆಂಟ್ ಇಲ್ಲದಿದ್ದರೆ’ ಎಂಬ ಇನ್ನೊಂದು ಕಾಲಂ ಬರೆಸಿ. ನಮ್ಮ ಹಳ್ಳಿಶಾಲೆಗಳಿಗೆ ಈ ಕಾಲಂ ಇಲ್ಲದ ಪಾಠಯೋಜನೆ ಅಪೂರ್ಣ.

7. ತರಬೇತಿ ಮುಗಿದ ಮರುದಿನದಿಂದ

ಹಾಜರಾತಿ ಪತ್ರದ ಜೊತೆ ಕೆಲಸ ಮುಗಿಯಿತು ಎಂದುಕೊಂಡಲ್ಲಿ ಎಲ್ಲವೂ ಕೈತಪ್ಪುತ್ತದೆ. ಕಲಿತದ್ದು ತರಗತಿಗೆ ಇಳಿಯುವುದು ಮೊದಲ ಎರಡು ವಾರದಲ್ಲಿ. ಆಗ ಇಳಿಯದಿದ್ದರೆ ಮರೆತೇ ಹೋಗುತ್ತದೆ. ಹಾಗಾಗಿ ಹೊರಡುವ ಮುನ್ನ ಪ್ರತಿಯೊಬ್ಬರೂ ಒಂದು ದಿನಾಂಕ, ಒಂದು ತರಗತಿ, ಒಂದು ಪಾಠ ಬರೆದು ಕೊಡಲಿ. ಆ ದಿನ ಸಿಆರ್‌ಪಿ ಆ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರಲಿ, ತಪಾಸಣೆಗೆ ಅಲ್ಲ, ತಂತಿ ಕಳಚಿದರೆ ಸಿಕ್ಕಿಸಲು.

ಮುಖ್ಯ ಶಿಕ್ಷಕರಿಗೂ ಅರ್ಧ ದಿನದ ತರಬೇತಿ ಬೇಕು. ಲ್ಯಾಬಿನ ಕೀಲಿ ಯಾರ ಹತ್ತಿರ, ವೇಳಾಪಟ್ಟಿಯಲ್ಲಿ ಯಾವ ತರಗತಿಗೆ ಯಾವ ಅವಧಿ, ಯಂತ್ರ ಕೆಟ್ಟರೆ ಯಾರು ಹೊಣೆ ಎಂಬುದನ್ನು ಅವರೇ ಬರೆದು ಗೋಡೆಗೆ ಅಂಟಿಸಬೇಕು. ಕೆಟ್ಟರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯವೇ ಬೀಗಕ್ಕೆ ಕಾರಣ. ಬಳಸುವಾಗ ಕೆಟ್ಟ ಯಂತ್ರಕ್ಕೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ ಶಾಲೆಯಲ್ಲಿ ಬಾಗಿಲು ತೆರೆಯುತ್ತದೆ.

ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ತಿಂಗಳಿಗೆ ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ಒಬ್ಬರು ತಾವು ಮಾಡಿದ ಪಾಠ ತೋರಿಸಲಿ, ಜೊತೆಗೆ ಮಕ್ಕಳ ನೋಟ್‌ಬುಕ್ ತರಲಿ. ಸ್ಲೈಡ್ ಎಷ್ಟು ಚಂದ ಎಂಬುದಕ್ಕಿಂತ ಮಕ್ಕಳು ಏನು ಬರೆದರು ಎಂಬುದರ ಮೇಲೆ ಚರ್ಚೆ ನಡೆಯಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನು ಬಯಸುತ್ತದೆ. ಈ ಅರ್ಧ ಗಂಟೆಗಳೂ ಆ ಲೆಕ್ಕಕ್ಕೆ ಸೇರಬೇಕೆಂದು ಕೇಳುವುದು ಶಿಕ್ಷಕರ ಹಕ್ಕು.

ವರ್ಗಾವಣೆಗೂ ಈಗಲೇ ಸಿದ್ಧರಾಗಿ. ಚೆನ್ನಾಗಿ ಕಲಿತ ಶಿಕ್ಷಕಿ ಬೇರೆ ಊರಿಗೆ ಹೋದಾಗ ಪಾಠಗಳೂ ಆಕೆಯ ಪೆನ್ ಡ್ರೈವ್ ಜೊತೆ ಹೋಗಿಬಿಡುತ್ತವೆ. ಶಾಲೆಯ ಒಂದು ಕಂಪ್ಯೂಟರಿನಲ್ಲಿ ತರಗತಿ, ವಿಷಯ, ಪಾಠದ ಹೆಸರಿನಲ್ಲಿ ಫೋಲ್ಡರ್‌ಗಳಿರಲಿ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಬೀರುವಿನೊಳಗೆ ಇರಲಿ. ಲ್ಯಾಬಿನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟು, ಯಾವ ಫೈಲ್ ಯಾವ ತರಗತಿಗೆ ಬಳಸಿದೆವು, ಮಕ್ಕಳು ಎಲ್ಲಿ ಎಡವಿದರು, ಮುಂದಿನ ಸಲ ಏನು ಬದಲಿಸಬೇಕು ಎಂದು ಪಾಠ ಮುಗಿದ ದಿನವೇ ಮೂರು ಸಾಲು ಬರೆಯುವ ರೂಢಿ ಮಾಡಿ. ಜೂನ್‌ನಲ್ಲಿ ಹೊಸದಾಗಿ ಬರುವ ಶಿಕ್ಷಕರಿಗೆ ಮೊದಲ ದಿನವೇ ಆ ರಿಜಿಸ್ಟರ್ ಕೊಡಿ.